ಉಳಿದ ಸೊಪ್ಪು ಯಾರ ತಲೆಗೆ?

ರೈತರಿಂದ ನೇರವಾಗಿ ತರುತ್ತೇವೆ ಎಂದು ಹೇಳಿಕೊಳ್ಳದ ತರಕಾರಿ ವ್ಯಾಪಾರ ಬೆಂಗಳೂರಿನಲ್ಲಿ ಈಗ ಅಪರೂಪ. ಸೂಪರ್ ಮಾರ್ಕೆಟ್ಟಿನ ಗೋಡೆಯ ಮೇಲೂ ಪೇಟ ಸುತ್ತಿದ ರೈತ ನಗುತ್ತಿರುತ್ತಾನೆ. ನಮ್ಮದು ಎರಡು ಹೊತ್ತೂ ಒಲೆ ಹಚ್ಚುವ, ವಾರಕ್ಕೊಮ್ಮೆಯಾದರೂ ಬಸ್ಸಾರು ಆಗಲೇಬೇಕಾದ ಮನೆ. ಮಳೆಗಾಲದಿಂದ ಅವರೆಯ ಕಾಲದವರೆಗೆ ಬೇರೆ ಬೇರೆ ಕಡೆ ಕೊಂಡು ನೋಡಿದೆ: ಮೊಬೈಲ್ ಆಪ್, ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್‌ನ ಮಳಿಗೆ, ಭಾನುವಾರದ ರೈತರ ಸಂತೆ, ಮುಂಗಡ ಕಟ್ಟಿ ವಾರವಾರ ಪಡೆಯುವ ತರಕಾರಿ ಬುಟ್ಟಿ, ಮತ್ತೆ ನಮ್ಮ ಬೀದಿಯ ತಳ್ಳುಗಾಡಿ. ರುಚಿ, ಬೆಲೆ, ತಾಜಾತನ ಎಲ್ಲವನ್ನೂ ನೋಡಿದೆ. ಆದರೆ ಇವುಗಳ ನಡುವಿನ ನಿಜವಾದ ವ್ಯತ್ಯಾಸ ತಿಳಿದದ್ದು ಒಂದೇ ಪ್ರಶ್ನೆಯಿಂದ. ಮಾರಾಟವಾಗದೆ ಉಳಿದದ್ದರ ನಷ್ಟ ಯಾರದು?

ಆಪ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೊಮೆಟೊ ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ; ಮನೆಗೆ ಬಂದವರ ಮುಂದೆ ಇಡಲು ಚೆನ್ನ. ಅಷ್ಟು ಸಮನಾದ ಹಣ್ಣನ್ನು ಯಾವ ಗಿಡವೂ ಬಿಡುವುದಿಲ್ಲ. ಆರಿಸಿ ಮಿಕ್ಕ ಸಣ್ಣದು, ಸೊಟ್ಟದು, ಹೆಚ್ಚು ಹಣ್ಣಾದದ್ದು ಎಲ್ಲವೂ ಬೆಳೆದವನ ಬಳಿಯೇ ಉಳಿದು ಮತ್ತೆ ಮಂಡಿಗೆ ಹೋಗಬೇಕು. ನಮ್ಮ ಅನುಕೂಲದ ಬೆಲೆಯನ್ನು ಅವನು ಕಟ್ಟುತ್ತಾನೆ.

ಹಾಪ್‌ಕಾಮ್ಸ್ ಮಳಿಗೆಯನ್ನು ನಾವು ಅಲ್ಲೇ ನಿಂತ ಬಸ್ ನಿಲ್ದಾಣದಷ್ಟೇ ಸಹಜವಾಗಿ ನೋಡಿ ಮುಂದೆ ಹೋಗುತ್ತೇವೆ. ಅದು 1959ರಲ್ಲಿ, ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ದ್ರಾಕ್ಷಿ ಕಾಯುವ ಬೆಳೆಯಲ್ಲ. ಕೊಯ್ದ ಮೇಲೆ ದಲ್ಲಾಳಿ ಹೇಳಿದ್ದೇ ಬೆಲೆ, ಒಪ್ಪದಿದ್ದರೆ ಕೊಳೆಯುತ್ತದೆ. ಹಾಗಾಗಿಯೇ ಸಂಘ ಕಟ್ಟಲು ದ್ರಾಕ್ಷಿಯವರು ಮುಂದಾದದ್ದು ಆಶ್ಚರ್ಯವಲ್ಲ. ಮಳಿಗೆಯಲ್ಲಿ ಆಯಾ ದಿನದ ಬೆಲೆ ಹಲಗೆಯ ಮೇಲೆ ಬರೆದಿರುತ್ತದೆ, ಚೌಕಾಸಿ ಇಲ್ಲ. ನನ್ನಂತೆ ಚೌಕಾಸಿ ಬಾರದವರಿಗೆ ಅದೇ ದೊಡ್ಡ ನೆಮ್ಮದಿ. 2013ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನಾನು ಇಲ್ಲಿ ಬಿಟ್ಟು ಬೇರೆಡೆ ಕೊಳ್ಳುವುದಿಲ್ಲ. ಬೀಜವಿದೆ, ಸಿಪ್ಪೆ ದಪ್ಪ, ಹುಳಿ ಮುಂದಾಗಿರುತ್ತದೆ. ಆದರೆ ಆ ಪರಿಮಳ ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಎಲ್ಲಿಂದ ಬರಬೇಕು? ಉಳಿದು ಹಾಳಾದದ್ದರ ಭಾರ ಇಲ್ಲಿ ಒಬ್ಬ ಬೆಳೆಗಾರನ ಮೇಲೆ ಬೀಳದೆ ಸಂಸ್ಥೆಯ ಲೆಕ್ಕದಲ್ಲಿ ಹಂಚಿಹೋಗುತ್ತದೆ.

ಎಲ್ಲರೂ ಮೆಚ್ಚುವುದು ರೈತರ ಸಂತೆಯನ್ನು. ನಾನೂ ಮೆಚ್ಚುತ್ತೇನೆ, ಮುಖ್ಯವಾಗಿ ಅವರೆಕಾಯಿಗಾಗಿ. ಮಾಗಡಿ ಕಡೆಯ ಒಬ್ಬರು ಗೋಣಿಚೀಲ ಬಿಚ್ಚಿದರೆ ನಾಲ್ಕು ಹೆಜ್ಜೆ ದೂರಕ್ಕೇ ಸೊಗಡು ಬಡಿಯುತ್ತದೆ. ಕೈ ಹಾಕಿ ಆರಿಸಿದರೆ ಬೆರಳಿಗೆ ಎಣ್ಣೆಯ ಜಿಡ್ಡು ಹತ್ತಬೇಕು. ಹತ್ತದಿದ್ದರೆ ಹಿತಕಿದ ಬೇಳೆ ಸಾರಿಗೆ ಅದು ಬೇಡ. ಬೆಲೆ ತಳ್ಳುಗಾಡಿಗಿಂತ ಒಂದಿಷ್ಟು ಹೆಚ್ಚೇ. ಕೊಡುವ ಹಣ ಅವರ ಜೇಬಿಗೇ ಹೋಗುತ್ತದೆ, ನಿಜ. ಆದರೆ ಬಿಸಿಲೇರುವ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು. ಸೊಪ್ಪು ಬಾಡುತ್ತಿರುತ್ತದೆ, ಕೊಳ್ಳುವವರು ತಿಂಡಿಯ ಮಳಿಗೆಯ ಮುಂದೆ ಸಾಲು ನಿಂತಿರುತ್ತಾರೆ, ಲಗೇಜ್ ಆಟೋದವನು ಹೊರಡೋಣವೇ ಎನ್ನುತ್ತಿರುತ್ತಾನೆ. "ಒಂದು ದಿನದ ಹೊಲದ ಕೆಲಸ ಬಿಟ್ಟು ಬಂದಿದ್ದೇನಮ್ಮ, ಉಳಿದದ್ದನ್ನು ವಾಪಸ್ ಒಯ್ದರೆ ಹಸುವಿಗೆ" ಎಂದರು ಅವರೆಕಾಯಿಯವರು. ನೇರ ಮಾರಾಟವೆಂದರೆ ಮಧ್ಯವರ್ತಿಯ ಲಾಭವಷ್ಟೇ ಅಲ್ಲ, ಅವನ ಕೆಲಸ ಮತ್ತು ಅವನ ನಷ್ಟವೂ ರೈತನ ಹೆಗಲಿಗೆ ಬರುತ್ತದೆ. ಮಾತು ಬಲ್ಲ, ಮನೆಯಲ್ಲಿ ಇನ್ನೊಬ್ಬರು ದುಡಿಯುವವರಿರುವ ರೈತನಿಗೆ ಇದು ಸರಿಹೋಗುತ್ತದೆ. ಎಲ್ಲರಿಗೂ ಅಲ್ಲ.

ಇದಕ್ಕೆ ಉತ್ತರವೆಂಬಂತೆ ಇರುವುದು ಮುಂಗಡದ ಬುಟ್ಟಿ. ಜಪಾನಿನ ಗೃಹಿಣಿಯರು 1970ರ ದಶಕದಲ್ಲಿ ರೈತರೊಂದಿಗೆ ಹೀಗೆಯೇ ಒಪ್ಪಂದ ಮಾಡಿಕೊಂಡರು. 'ಟೇಕೆ' ಎಂಬ ಹೆಸರಿನಲ್ಲಿ ಅದು ಹಬ್ಬಿತು. ನಾನು ಸೇರಿದ ಬಳಗದಲ್ಲಿ ಮೂರು ತಿಂಗಳ ಹಣ ಮೊದಲೇ ಕಟ್ಟಬೇಕು. ಶನಿವಾರ ಒಬ್ಬ ಸದಸ್ಯರ ಮನೆಯ ಪೋರ್ಟಿಕೋದಲ್ಲಿ ಬುಟ್ಟಿಗಳು ಸಾಲಾಗಿ ಇರುತ್ತವೆ. ಏನು ಬರುತ್ತದೆ ಎಂಬುದು ಹೊಲಕ್ಕೆ ಬಿಟ್ಟದ್ದು. ಜೋರು ಮಳೆಯ ವಾರಗಳಲ್ಲಿ ಮೂಲಂಗಿ, ಸೀಮೆಬದನೆ, ಮತ್ತೆ ಮೂಲಂಗಿ. ನನ್ನ ಅತ್ತೆ "ಇವರ ಹೊಲದಲ್ಲಿ ಬೇರೆ ಬೀಜವೇ ಇಲ್ಲವೇನೇ?" ಎಂದು ಕೇಳಿದರು. ಆಮೇಲೆ ಅವರೇ ಮೂಲಂಗಿಯ ಎಲೆಯನ್ನು ಹೆಚ್ಚಿ, ಹೆಸರುಬೇಳೆ ಹಾಕಿ ಪಲ್ಯ ಮಾಡಿದರು. ಅಂಗಡಿಯಲ್ಲಿ ಆ ಎಲೆಯನ್ನು ಕತ್ತರಿಸಿ ಎಸೆದೇ ಮಾರುತ್ತಾರೆ. ದಂಟು ಬೇರುಸಹಿತ ಬರುತ್ತಿತ್ತು, ಕೆಮ್ಮಣ್ಣು ತೊಳೆಯಲು ಮೂರು ನೀರು ಬೇಕು. ಬಸಿದ ಕಟ್ಟಿನ ರುಚಿಗೆ ಆ ಶ್ರಮ ಒಪ್ಪುತ್ತದೆ.

ಬಳಗದ ನಿಯಮಗಳಲ್ಲಿ ನನಗೆ ಹಿಡಿಸಿದ್ದು, ಬಹಳ ಮಂದಿಯನ್ನು ಕೆರಳಿಸಿದ್ದು ಒಂದೇ. ಊರಿಗೆ ಹೋಗುತ್ತೇವೆ, ಈ ವಾರ ಬೇಡ ಎನ್ನುವಂತಿಲ್ಲ. ಬುಟ್ಟಿ ಬಂದೇ ಬರುತ್ತದೆ, ಬೇಕಾದವರಿಗೆ ಕೊಡಿ. ದಸರಾ ರಜೆಯಲ್ಲಿ ವಾಟ್ಸಾಪ್ ಗುಂಪಿನಲ್ಲಿ ಇದಕ್ಕಾಗಿ ದೊಡ್ಡ ಜಗಳವೇ ನಡೆಯಿತು, ಕೆಲವರು ಬಿಟ್ಟೂ ಹೋದರು. ನಮಗೆ ರಜೆ ಬಂತೆಂದು ಬದನೆ ಗಿಡ ರಜೆ ಹಾಕುವುದಿಲ್ಲವಲ್ಲ! ಉಳಿದದ್ದರ ನಷ್ಟವನ್ನು ತಿನ್ನುವವರೇ ಹೊರುವ ಏರ್ಪಾಡು ನಾನು ಕಂಡದ್ದು ಇದೊಂದೇ. ಹಾಗೆಂದು ಇದು ಎಲ್ಲರ ಕೈಗೆಟುಕುವುದೂ ಅಲ್ಲ. ಮೂರು ತಿಂಗಳ ತರಕಾರಿಯ ಹಣ ಒಟ್ಟಿಗೆ ಕಟ್ಟಬಲ್ಲವರು ನಮ್ಮ ಬೀದಿಯಲ್ಲಿ ಎಷ್ಟು ಮನೆಯವರು?

ತಳ್ಳುಗಾಡಿಯನ್ನು ನಾನು ಪಟ್ಟಿಗೆ ಸೇರಿಸಿದ್ದು ಹೋಲಿಕೆಗೆ ಇರಲಿ ಎಂದು. ಸೊಪ್ಪಿನ ವಿಷಯದಲ್ಲಿ ಅದೇ ಗೆದ್ದಿತು. ಕ್ಯಾರೆಟ್ ಊಟಿಯಿಂದ ಬಂದೀತು, ಈರುಳ್ಳಿ ನಾಸಿಕ್‌ನಿಂದ ಬಂದೀತು; ಮೆಂತ್ಯ, ಸಬ್ಬಸಿಗೆ, ಹರಿವೆ ಅಷ್ಟು ದೂರ ತಡೆಯುವುದಿಲ್ಲ. ಅವು ಆನೇಕಲ್, ಹೊಸಕೋಟೆ ಕಡೆಯ ಹಳ್ಳಿಗಳಿಂದ ರಾತ್ರಿಯೇ ಹೊರಟು ಕೆ.ಆರ್. ಮಾರುಕಟ್ಟೆ ಸೇರುತ್ತವೆ. ಯಾವ ಫಲಕವೂ ಇಲ್ಲದೆ ನಾವು ಹತ್ತಿರದ ಹೊಲದ್ದನ್ನೇ ಕೊಳ್ಳುತ್ತಿರುತ್ತೇವೆ. ಗಾಡಿಯ ಅಕ್ಕ ನಸುಕಿನಲ್ಲಿ ಕಟ್ಟುಗಳನ್ನು ರೊಕ್ಕ ಕೊಟ್ಟು ತರುತ್ತಾಳೆ, ನೀರು ಚಿಮುಕಿಸುತ್ತಾ ಬೀದಿ ಬೀದಿ ಸುತ್ತುತ್ತಾಳೆ, ಸಂಜೆಗೆ ಒಂದರ ಬೆಲೆಗೆ ಎರಡು ಕೊಡುತ್ತಾಳೆ. ಆಗಲೂ ಉಳಿದರೆ ಅವಳದೇ ನಷ್ಟ. ರೈತನ ಹೆಸರಿನಲ್ಲಿ ಮಧ್ಯವರ್ತಿಗಳನ್ನೆಲ್ಲ ಬೈಯುವಾಗ ಇವಳನ್ನೂ ಅದೇ ಸಾಲಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಈಗ ನಮ್ಮ ಮನೆಯಲ್ಲಿ ತರಕಾರಿ ಬುಟ್ಟಿಯಿಂದ, ಸೊಪ್ಪು ಗಾಡಿಯಿಂದ, ಹಣ್ಣು ಹಾಪ್‌ಕಾಮ್ಸ್‌ನಿಂದ, ಅವರೆ ಸಂತೆಯಿಂದ. ಆಪ್ ಮೊಬೈಲಿನಲ್ಲಿ ಇನ್ನೂ ಇದೆ. ರಾತ್ರಿ ಎಂಟಕ್ಕೆ ನೆಂಟರು ಬಂದರೆ ತೆರೆಯುತ್ತೇನೆ. ಬಳಗದಲ್ಲಿ ಮುಂದಿನ ಕಂತಿಗೆ ಹಾಸನದ ಆಲೂಗಡ್ಡೆ ಸೇರಿಸಬೇಕೇ ಎಂಬ ಚರ್ಚೆ ನಡೆದಿದೆ. ಹಾಸನ ಹತ್ತಿರವೇ, ದೂರವೇ ಎಂದು ಇನ್ನೂ ಇತ್ಯರ್ಥವಾಗಿಲ್ಲ. ನಾನು ಸೇರಿಸಿ ಎಂದು ಕೈ ಎತ್ತಿದ್ದೇನೆ, ಮೂಲಂಗಿ ಕಡಿಮೆಯಾದೀತು ಎಂಬ ಆಸೆಯೂ ಅದರಲ್ಲಿದೆ.