ಡಿಸ್‌ಗ್ರಾಫಿಯಾ ಇರುವ ಮಗಳು, ಗೂಗಲ್ ಡಾಕ್ಸ್ ಮತ್ತು ನುಡಿ ಕೀಬೋರ್ಡ್

ನನ್ನ ಮಗಳಿಗೆ ಡಿಸ್‌ಗ್ರಾಫಿಯಾ, ಅಂದರೆ ಬರೆಯುವುದೇ ಕಷ್ಟವಾಗುವ ಕಲಿಕಾ ನ್ಯೂನತೆ ಇದೆ. ಮಾತು ಚುರುಕು, ಕೈಬರಹ ಮಾತ್ರ ತುಂಬಾ ಕಷ್ಟ. ಅರ್ಧ ಪುಟ ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ, ಹೇಳಬೇಕೆಂದುಕೊಂಡದ್ದು ಮರೆತುಹೋಗುತ್ತದೆ. ಆರನೇ ಕ್ಲಾಸಿನಿಂದ ಅವಳ ಬರವಣಿಗೆ ಹೆಚ್ಚಾಗಿ ಗೂಗಲ್ ಡಾಕ್ಸ್‌ನಲ್ಲೇ. ಈಗ ಒಂಬತ್ತನೇ ಕ್ಲಾಸು.

ಎಲ್ಲರೂ ಮೊದಲು ಕೇಳುವುದು ವಾಯ್ಸ್ ಟೈಪಿಂಗ್, ಅಂದರೆ ಮೈಕ್‌ನಲ್ಲಿ ಮಾತಾಡಿ ಬರೆಸುವುದರ ಬಗ್ಗೆ. ಡಾಕ್ಸ್‌ನ ಟೂಲ್ಸ್ ಮೆನುವಿನಲ್ಲಿದೆ, ಕನ್ನಡವೂ ಇದೆ, ದುಡ್ಡು ಕೊಡಬೇಕಿಲ್ಲ. ಮನಸ್ಸಿನಲ್ಲಿರುವುದನ್ನು ಒಮ್ಮೆ ಹೊರಗೆ ಹಾಕಲು ನಿಜಕ್ಕೂ ಒಳ್ಳೆಯದು. ಆದರೆ ಉತ್ತರ ಬರೆಯಲು ಅದೊಂದೇ ಸಾಲದು. ಮಕ್ಕಳು ಮಾತಾಡುವುದು 'ಹೋಗ್ತಾ ಇದ್ದೆ' ಅಂತ, ಉತ್ತರ ಪತ್ರಿಕೆಗೆ ಬೇಕಿರುವುದು 'ಹೋಗುತ್ತಿದ್ದೆ'. ಪ್ರತಿ ಸಾಲನ್ನೂ ತಿದ್ದಬೇಕು. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಬಾಯಲ್ಲಿ ಹೇಳಿ ಹಾಕಿಸುವ ಸೌಲಭ್ಯ ಇಂಗ್ಲಿಷ್‌ನಂಥ ಕೆಲವು ಭಾಷೆಗಳಿಗಷ್ಟೇ ಇದೆ. ಕನ್ನಡಕ್ಕೆ ಕೈಯಿಂದಲೇ ಹಾಕಬೇಕು.

ನಮಗೆ ನಿಜವಾಗಿ ದಾರಿ ತೋರಿಸಿದ್ದು ಕೀಬೋರ್ಡ್. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವ ಕೀಬೋರ್ಡ್ ಲೇಔಟ್ ಕಲಿಸಿದೆವು. 'ಸೂರ್ಯ' ಎಂಬ ಪದವನ್ನೇ ನೋಡಿ. ಹೇಳುವಾಗ 'ರ' ಮೊದಲು, 'ಯ' ಆಮೇಲೆ. ಕೈಯಲ್ಲಿ ಬರೆಯುವಾಗ 'ಯ' ಬರೆದು ಅದರ ಮುಂದೆ ಅರ್ಕಾವತ್ತು ಹಾಕಬೇಕು. ಕಿವಿಗೆ ಬಿದ್ದ ಕ್ರಮ ಒಂದು, ಕೈ ಓಡಬೇಕಾದ ಕ್ರಮ ಇನ್ನೊಂದು. ನನ್ನ ಮಗಳು ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ. ಕೀಬೋರ್ಡಿನಲ್ಲಿ ರ, ಆಮೇಲೆ ಒತ್ತಕ್ಷರ ಜೋಡಿಸುವ ಎಫ್ ಕೀ, ಆಮೇಲೆ ಯ. ಹೇಳಿದ ಹಾಗೇ ಒತ್ತಿದರೆ ಆಯಿತು, ಅರ್ಕಾವತ್ತು ತಾನೇ ಜಾಗಕ್ಕೆ ಹೋಗಿ ಕೂರುತ್ತದೆ. 'ಸ್ತ್ರೀ' ಥರದ ಪದದಲ್ಲೂ ಅಷ್ಟೇ, ಒತ್ತಕ್ಷರ ಎಲ್ಲಿ, ಎಷ್ಟು ಕೆಳಗೆ ಬರೆಯಬೇಕೆಂಬ ಚಿಂತೆಯಿಲ್ಲ. ಬ ಬೇಕಾದರೆ ಬಿ ಕೀ, ಭ ಬೇಕಾದರೆ ಶಿಫ್ಟ್ ಜೊತೆಗೆ ಅದೇ ಕೀ. ಪ, ಷ ಬರೆಯುವಾಗ ಗೆರೆ ತಪ್ಪುವ ಭಯವೂ ಹೋಯಿತು. ವೇಗ ಬರಲು ಒಂದು ಶಾಲಾ ವರ್ಷವೇ ಹಿಡಿಯಿತು. ಅಷ್ಟು ತಾಳ್ಮೆ ಬೇಕು.

ಸ್ಪೆಲ್ ಚೆಕ್ ಇಂಗ್ಲಿಷ್‌ಗೆ ದೊಡ್ಡ ಸಹಾಯ. ಕನ್ನಡಕ್ಕೆ ಅದನ್ನು ನಂಬಿ ಕೂರಬೇಡಿ. ನಮ್ಮಲ್ಲಿ 'ಮನೆಯಲ್ಲಿದ್ದಾಗಲೂ' ಒಂದೇ ಪದ. ಪ್ರತ್ಯಯ, ಸಂಧಿ ಸೇರಿ ಹುಟ್ಟುವ ಇಂಥ ರೂಪಗಳನ್ನೆಲ್ಲ ಪಟ್ಟಿಯಲ್ಲಿ ಹಿಡಿದಿಡುವುದು ಸುಲಭವಲ್ಲ.

ಡಿಸ್‌ಲೆಕ್ಸಿಯಾ (ಓದುವುದು ಕಷ್ಟವಾಗುವ ಕಲಿಕಾ ನ್ಯೂನತೆ) ಇರುವವರಿಗೆಂದೇ ಮಾಡಿದ ಓಪನ್‌ಡಿಸ್‌ಲೆಕ್ಸಿಕ್ ಫಾಂಟ್ ಬಗ್ಗೆ ಕೆಲವರು ಕೇಳುತ್ತಾರೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ನೋಟೊ ಸ್ಯಾನ್ಸ್ ಕನ್ನಡ, 16ರ ಗಾತ್ರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಇಷ್ಟು ನಮಗೆ ಸಾಕಾಗಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿದ್ದರೆ ಓದಲು ಹಗುರ.

ಬರಹದ ಹಳೆಯ ರೂಪಗಳನ್ನು ಉಳಿಸಿಡುವ ಡಾಕ್ಸ್‌ನ ವರ್ಶನ್ ಹಿಸ್ಟರಿ ಸುಮ್ನೆ ಇರುವ ಸೌಲಭ್ಯ ಅಂದುಕೊಳ್ಳಬೇಡಿ. ಪ್ರಬಂಧ ಓದಿದ ಟೀಚರೊಬ್ಬರು "ಇದು ಅಮ್ಮ ಬರೆದುಕೊಟ್ಟಿದ್ದಾ?" ಅಂದರು. ಮಗಳ ಮುಖ ಚಿಕ್ಕದಾಯಿತು. ಮೊದಲ ತಪ್ಪುತಪ್ಪು ಸಾಲುಗಳಿಂದ ಹಿಡಿದು ಕೊನೆಯ ರೂಪದವರೆಗೆ ಅವಳೇ ತೆರೆದು ತೋರಿಸಿದಳು. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಅವಳು ಇಷ್ಟು ಸಲ ತಿದ್ದುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಕಾಗದದಲ್ಲಾದರೆ ತಿದ್ದುವುದೆಂದರೆ ಇಡೀ ಪುಟ ಮತ್ತೆ ಬರೆಯುವುದು, ಅಲ್ವಾ?

ಪರೀಕ್ಷೆಯ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಉತ್ತರ ಟೈಪ್ ಮಾಡಲು 2018ರಿಂದ ಅವಕಾಶವಿದೆ. ವೈದ್ಯರ ಪ್ರಮಾಣಪತ್ರ ಬೇಕು. ಫಾರ್ಮ್ಯಾಟ್ ಮಾಡಿದ ಕಂಪ್ಯೂಟರನ್ನು ನಾವೇ ಒಯ್ಯಬೇಕು, ಅದರಲ್ಲಿ ಇಂಟರ್‌ನೆಟ್ ಇರಬಾರದು. ಅಂದರೆ ಅಲ್ಲಿ ವಾಯ್ಸ್ ಟೈಪಿಂಗ್ ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೇ ವಾರದ ಅಭ್ಯಾಸವನ್ನು ಈಗ ನೆಟ್ ಆಫ್ ಮಾಡಿ, ಇಂಟರ್‌ನೆಟ್ ಇಲ್ಲದೆಯೂ ಬರೆಯಬಹುದಾದ ಲಿಬ್ರೆಆಫೀಸ್ ರೈಟರ್ ಎಂಬ ತಂತ್ರಾಂಶದಲ್ಲಿ ಮಾಡಿಸುತ್ತಿದ್ದೇವೆ. ಅದೂ ಉಚಿತ.

ಗಣಿತಕ್ಕೆ ಮಾತ್ರ ಇದು ಯಾವುದೂ ಒಗ್ಗಿಲ್ಲ. ಭಿನ್ನರಾಶಿ, ಸಮೀಕರಣ ಟೈಪ್ ಮಾಡುವಷ್ಟರಲ್ಲಿ ಲೆಕ್ಕದ ಎಳೆ ತಪ್ಪುತ್ತದೆ. ಅಲ್ಲಿ ಇನ್ನೂ ದೊಡ್ಡ ಚೌಕದ ನೋಟ್‌ಬುಕ್ಕು, ದಪ್ಪ ಪೆನ್ಸಿಲ್ಲೇ ಗತಿ. ನಿಮ್ಮ ಮಗುವಿಗೆ ಶುರು ಮಾಡುವುದಾದರೆ ನಾಲ್ಕನೇ ಅಥವಾ ಐದನೇ ಕ್ಲಾಸಿನಲ್ಲೇ ಕೀಬೋರ್ಡ್ ಕಲಿಸಿ, ಮೈಕ್ ಆಮೇಲೆ ಕೊಡಿ.