ಕಪ್ಪತಗುಡ್ಡದ ಶಿಲಾಪದರಗಳ ವಯಸ್ಸು: ಯಾವ ಹರಳನ್ನು ನಂಬಬೇಕು?

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಸಂಶೋಧನೆಗೆ ಇಳಿಯುವವರು ಚಿಪ್ಪು, ಮೂಳೆಗಳ ಪಳೆಯುಳಿಕೆಯ ಆಸೆ ಬಿಡಬೇಕು. ಪದರಗಳು 250 ಕೋಟಿ ವರ್ಷಕ್ಕೂ ಹಳೆಯವು. ವಯಸ್ಸು ಹೇಳುವುದು ಜಿರ್ಕಾನ್, ಅಂದರೆ ಹುಟ್ಟುವಾಗಲೇ ಒಂದಿಷ್ಟು ಯುರೇನಿಯಂ ಸೇರಿಸಿಕೊಳ್ಳುವ ಗಟ್ಟಿ ಖನಿಜದ ಹರಳು. ಆಯ್ಕೆ ಇರುವುದು ಆ ಹರಳನ್ನು ಯಾವ ಕಲ್ಲಿನಿಂದ ತೆಗೆಯಬೇಕು ಎಂಬುದರಲ್ಲಿ.

ಗ್ರೇವ್ಯಾಕ್ ಮರಳುಗಲ್ಲು ಗುಡ್ಡದಲ್ಲಿ ಧಾರಾಳ. ಆದರೆ ಅದರ ಹರಳುಗಳು ಇನ್ನೂ ಹಳೆಯ ಬಂಡೆಗಳಿಂದ ಸವೆದು ಬಂದವು. ನೂರಾರನ್ನು ಅಳೆದರೂ ಅತ್ಯಂತ ಎಳೆಯ ಹರಳು ಹೇಳುವುದಿಷ್ಟೇ: ಪದರ ತನಗಿಂತ ಹಳೆಯದಲ್ಲ. ಮರಳಿನ ತವರು ಹುಡುಕುವವರಿಗೆ ಮಾತ್ರ ಇದು ನಿಜವಾದ ಸಂಪತ್ತು.

ಕಾಲವೇ ಬೇಕಿದ್ದರೆ ನಡುವೆ ಸಿಗುವ ಜ್ವಾಲಾಮುಖಿ ಬೂದಿಯ ಪದರವನ್ನೇ ಆರಿಸಿ, ಎಷ್ಟೇ ಅಲೆಯಬೇಕಾದರೂ ಸರಿ. ಅದರ ಹರಳು ಸ್ಫೋಟದ ಹೊತ್ತಿಗೆ ಹುಟ್ಟಿದ್ದು. ಹರಳಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುವುದೇ ಇಲ್ಲಿನ ಗಡಿಯಾರ. ಯುರೇನಿಯಂ-238ರ ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಬೇಕಾದ ಕಾಲ) 447 ಕೋಟಿ ವರ್ಷವಾದ್ದರಿಂದ ಅದು ಇನ್ನೂ ನಡೆಯುತ್ತಿದೆ.

ಗುಡ್ಡದಿಂದ ಗುಡ್ಡಕ್ಕೆ ಪದರ ಜೋಡಿಸಲು ಕೆಂಪು-ಕಪ್ಪು ಪಟ್ಟೆಯ ಕಬ್ಬಿಣಶಿಲೆ ಒಳ್ಳೆಯ ಗುರುತು. ಆದರೂ ಶಿಲೆಗಳು ಮಡಚಿಕೊಂಡಿರುವುದರಿಂದ ಒಂದೇ ಪದರ ಎರಡು ಕಡೆ ತಲೆಯೆತ್ತಿರಬಹುದು.