ಮಂಗಳ ಗ್ರಹದ ಕನಸು ಕಾಣೋರು ಒಂದ್ಸಲ ತೆರೆದು ನೋಡಿ: ನಾಸಾದ 'ಐಸ್ ಆನ್ ದ ಸೋಲಾರ್ ಸಿಸ್ಟಮ್' (Eyes on the Solar System)

ಭೂಮಿ ಬಿಟ್ಟು ಮನುಷ್ಯ ಎಲ್ಲಿ ಮನೆ ಕಟ್ಬಹುದು ಅಂತ ತಲೆಕೆಡಿಸ್ಕೊಂಡಿರೋರಿಗೆಲ್ಲ ನಾನು ಮೊದ್ಲು ತೋರ್ಸೋದು ಸೌರಮಂಡಲವನ್ನೇ ಪರದೆ ಮೇಲೆ ತರೋ ನಾಸಾದ ಈ ವೆಬ್ ಆಪ್ ಅನ್ನೇ. ದುಡ್ಡು ಕೊಡೋದು ಬೇಡ, ಬ್ರೌಸರ್‌ನಲ್ಲೇ ಓಪನ್ ಆಗುತ್ತೆ, ಗ್ರಹಗಳು ನೌಕೆಗಳು ಈ ಹೊತ್ತು ಎಲ್ಲಿದಾವೋ ಅಲ್ಲೇ ಕಾಣ್ತಾವೆ, ಟೈಮ್ ಬೇಕಾದಂಗೆ ಹಿಂದೆ ಮುಂದೆ ಓಡಿಸ್ಬಹುದು.

ಈ ಟೈಮ್ ಓಡ್ಸೋದೇ ಇದ್ರ ಜೀವ. ನನ್ ತಮ್ಮ ಯಾವಾಗ್ಲೂ ಮಂಗಳ ಮಂಗಳ ಅಂತಿದ್ದ, ಅವನನ್ನ ಪಕ್ಕ ಕೂರಿಸ್ಕೊಂಡು ಡೇಟ್ 2023ರ ನವೆಂಬರ್ 18ಕ್ಕೆ ತಗೊಂಡೋದೆ. ಭೂಮಿ ಈ ಕಡೆ, ಮಂಗಳ ಆ ಕಡೆ, ನಡುವೆ ಸೂರ್ಯ, ನೂಲು ಹಿಡಿದಂಗೆ ಒಂದೇ ಗೆರೆ. ಆಗ ಸುಮಾರು ಎರಡು ವಾರ ಅಲ್ಲಿರೋ ರೋವರ್‌ಗಳಿಗೆ ನಾಸಾ ಕಮಾಂಡ್ ಕಳ್ಸೋದೇ ನಿಲ್ಸಿತ್ತು, ಸೂರ್ಯನ ಸುತ್ತಲಿನ ಪ್ಲಾಸ್ಮಾ (ವಿದ್ಯುತ್ ಕಣಗಳ ಬಿಸಿ ಅನಿಲ) ಸಿಗ್ನಲ್ ಕೆಡಿಸುತ್ತೆ ಅಂತ. ತಮ್ಮ ಸುಮ್ನೆ ಪರದೆ ನೋಡ್ತಾ ಕೂತ. ಸಿಗ್ನಲ್ ಸುತ್ತಿಬಳಸಿ ದಾಟಿಸೋ ರಿಲೇ ಉಪಗ್ರಹ ಹಾಕಿ ಮಾತಾಡ್ಬಹುದು ಅನ್ನಿ, ಆದ್ರೆ ಔಷಧಿ, ಬಿಡಿಭಾಗ ತುಂಬ್ಕೊಂಡು ನೌಕೆ ಹೊರಡೋಕೆ ಒಳ್ಳೆ ಸಮಯ ಬರೋದೇ 26 ತಿಂಗಳಿಗೊಂದ್ಸಲ, ಗಾಳಿಯ ಒತ್ತಡ ನೋಡಿದ್ರೆ ನಮ್ಮಲ್ಲಿರೋದ್ರ ಶೇ. 1ರಷ್ಟೂ ಇಲ್ಲ, ಅಲ್ಲಿ ಸಂಸಾರ ಹೂಡಿದೋರು ಏನೇ ಕೆಟ್ರೂ ತಾವೇ ರಿಪೇರಿ ಮಾಡ್ಕೋಬೇಕು.

ಅದಕ್ಕೇ ಮೊದ್ಲ ಮನೆ ಚಂದ್ರನ ದಕ್ಷಿಣ ಧ್ರುವದಲ್ಲೇ ಆಗ್ಬೇಕು ಅನ್ನೋದು ನನ್ ಗಟ್ಟಿ ಅಭಿಪ್ರಾಯ. ಸರಾಸರಿ 3,84,400 ಕಿ.ಮೀ., ಮೂರ್ನಾಕು ದಿನದ ದಾರಿ, ಮಂಗಳದಂಗೆ ಎರಡು ವರ್ಷ ಕಾಯ್ದೇ ಹೊರಡ್ಬಹುದು. ಬಿಸಿಲೇ ಬೀಳದ ಕುಳಿಗಳಲ್ಲಿ ಮಂಜುಗಡ್ಡೆ ಇದೆ, ಪಕ್ಕದಲ್ಲೇ ವರ್ಷದ ಬಹುಪಾಲು ಬಿಸಿಲು ಬೀಳೋ ಏಣುಗಳೂ ಇದಾವೆ, ಅಂದ್ರೆ ನೀರು ಕರೆಂಟು ಎರಡೂ ಹತ್ರಹತ್ರ.

ಶುಕ್ರದ ನೆಲ ಬೇಡವೇ ಬೇಡ, ಸುಮಾರು 465 ಡಿಗ್ರಿ. ಗುರುಗ್ರಹದ ಚಂದ್ರಗಳಲ್ಲಿ ಯುರೋಪಾಗಿಂತ ಕ್ಯಾಲಿಸ್ಟೋ ವಾಸಿ, ರೇಡಿಯೇಷನ್ ಕಮ್ಮಿ.

ಮನಸ್ಸು ನಿಂತಿದ್ದು ಮಾತ್ರ ಶನಿಯ ಚಂದ್ರ ಟೈಟನ್ ಮೇಲೆ. ಒತ್ತಡ ನಮ್ಮದರ ಒಂದೂವರೆ ಪಟ್ಟು, ಹಂಗಾಗಿ ಪ್ರೆಷರ್ ಸೂಟ್ ಬೇಡ, ಆಮ್ಲಜನಕ ಮತ್ತೆ ಮೈನಸ್ 179 ಡಿಗ್ರಿ ಚಳಿ ತಡೆಯೋ ಬಟ್ಟೆ ಇದ್ರೆ ಹೊರಗೆ ನಡೀಬಹುದು! ಆದ್ರೆ ಡೇಟ್ 1997ರ ಅಕ್ಟೋಬರ್‌ಗೆ ಇಟ್ಟು ಶನಿಗೆ ಹೊರಟ ಕ್ಯಾಸಿನಿ ನೌಕೆ ಹಿಂದೆನೇ ಹೋಗಿ ನೋಡಿ, ಶನಿ ಮುಟ್ಟೋಷ್ಟ್ರಲ್ಲಿ 2004ರ ಜುಲೈ ಬಂದಿರುತ್ತೆ.

ಫೋನಿಗಿಂತ ದೊಡ್ಡ ಪರದೆಲಿ ನೋಡಿ, ಮಕ್ಳನ್ನೂ ಕೂರಿಸ್ಕೊಳ್ಳಿ. ನನ್ ಕಡೆಯಿಂದ ಐದಕ್ಕೆ ಐದು.